ಡಬ್ಬಿ ಹುಡುಕಾಕ ಯಾವ ಯಂತ್ರ ಚಲೋ?

ನೀವು ನಂಬೂದಿಲ್ಲ. ನಂಬಬ್ಯಾಡ್ರಿ. ಆದರೆ ಕೊನೆವರೆಗೆ ಓದಿ, ಆಮೇಲೆ ಬಮ್ಮಿಗಟ್ಟಿಗೆ ಬಂದು "ಇದೆಲ್ಲಾ ಸುಳ್ಳು" ಅಂತ ನನ್ನ ಮುಖದ ಮುಂದೆ ಹೇಳುವ ಗಂಡು ಯಾರಾದರೂ ಇದ್ದರೆ, ಚಾ ನಾನೇ ಕುಡಿಸುತ್ತೇನೆ. ಸುತ್ತ ಐದೂರಿನಲ್ಲಿ ನನ್ನಷ್ಟು ಧೈರ್ಯದ ಹುಡುಗ ಇಲ್ಲ ಎಂದು ನಾನು ಹೇಳಿಕೊಳ್ಳುವವನಲ್ಲ. ಉಳಿದವರು ಹೇಳಲು ಮರೆತಿರುತ್ತಾರೆ, ನೆನಪು ಮಾಡಿಕೊಡುತ್ತೇನೆ, ಅಷ್ಟೇ. ಇಂಥ ಪ್ರಸಂಗಗಳು ಬಂದು ಬೀಳುವುದೂ ಧೈರ್ಯ ಇದ್ದವನ ಬೆನ್ನಿಗೇ. ಪುಕ್ಕಲರು ಮನೆಯಲ್ಲಿ ಕೂತಿರುತ್ತಾರೆ, ಅವರಿಗೆ ಏನಾಗಬೇಕು?

ಧಾರವಾಡದಲ್ಲಿ ಭೂಗೋಳ ಕಲಿಸಿ ನಿವೃತ್ತರಾದ ಮೇಡಂ ಒಬ್ಬರಿದ್ದಾರೆ. ಕಾಲೇಜಿನಲ್ಲಿ ನನಗೂ ಕಲಿಸಿದವರು. ಅವರಿಗೆ ಜಿಯೋಕ್ಯಾಚಿಂಗ್ ಹುಚ್ಚು. ಆಟ ಸರಳ. ಯಾರೋ ಒಬ್ಬರು ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶ ಮತ್ತು ಒಂದು ಸುಳಿವನ್ನು ಇಂಟರ್ನೆಟ್ಟಿಗೆ ಹಾಕುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹೋಗಿ, ಹುಡುಕಿ, ಡಬ್ಬಿಯೊಳಗಿನ ಪುಟ್ಟ ಪುಸ್ತಕದಲ್ಲಿ ಸಹಿ ಮಾಡಿ ಬರುತ್ತಾರೆ. ಮೊದಲೆಲ್ಲ ವಿವರಗಳನ್ನು ಪ್ರಿಂಟ್ ಹಾಕಿಸಿ ಕಾಗದದ ಕಟ್ಟು ಹೊತ್ತು ಹೋಗುತ್ತಿದ್ದರಂತೆ. ಈಗ ಹಾಗಲ್ಲ, ಎಲ್ಲವೂ ಕೈಯಲ್ಲಿರುವ ಯಂತ್ರದೊಳಗೇ ಇರಬೇಕು, ಒಂದು ಚೂರು ಕಾಗದವೂ ಬೇಡ ಎನ್ನುವುದು ಮೇಡಂ ಹಟ.

ಅವರ ಗುಂಪು ಹಳ್ಳಿ ಕಡೆಗೆಂದು ಅಂಥ ಒಂದು ಯಂತ್ರ ತರಿಸುವುದಿತ್ತು. ಅದನ್ನು ಹಿಡಿದವನೇ ಹಳ್ಳಿ ಕಡೆಯ ಆಟಕ್ಕೆ ಮುಂದಾಳು.

"ಮೂರು ನಮೂನಿ ಯಂತ್ರ, ಮೂರು ಡಬ್ಬಿ," ಅಂದರು ಮೇಡಂ. "ಹೋಗಿ ಹುಡುಕಿ ಬಾ. ಯಾವ ಯಂತ್ರ ಚಲೋ ಅಂತ ನೀ ಹೇಳು. ಯಾರ ಕೈಯಾಗ ಕೊಡೂದು ಅಂತ ನಾ ಹೇಳ್ತೀನಿ."

ಯಾರ ಕೈಯಲ್ಲಿ ಎನ್ನುವುದರಲ್ಲಿ ಸಂಶಯವೇನು? ಅಂದು ಸಂಜೆಯೇ ಊರಿಗೆಲ್ಲ ಹೇಳಿಬಿಟ್ಟೆ. ಅವ್ವ ಬೀಗರಿಗೂ ಫೋನ್ ಮಾಡಿದಳು. ಇನ್ನು ಆ ಯಂತ್ರ ನನ್ನ ಕೈಗೆ ಬರದಿದ್ದರೆ ಬಮ್ಮಿಗಟ್ಟಿಯಲ್ಲಿ ನಾನು ಮುಖ ಎತ್ತಿ ತಿರುಗುವ ಹಾಗಿರಲಿಲ್ಲ.

ಜೊತೆಗೆ ಬಂದವರು ನಮ್ಮ ಬಾಜೂ ಮನೆಯ ಕಾಕಾ. ಕಲಘಟಗಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಅವರದು. ಅರವತ್ತರ ಹತ್ತಿರದ ವಯಸ್ಸು, ಬಿಳಿ ಟೋಪಿ, ಗಡಿಬಿಡಿ ಅಂದರೆ ಏನೆಂದೇ ಗೊತ್ತಿಲ್ಲದ ಮನುಷ್ಯ. ಅವರ ಬಳಿ ಗಾಡಿ ಇತ್ತು ಅಂತ ಕರೆದೆ.

"ಕಾಕಾ, ನೀವು ಸುಮ್ನ ಗಾಡಿ ಹೊಡೀರಿ. ಉಳಿದಿದ್ದು ನಂಗ ಬಿಡ್ರಿ."

"ಆತು ಬೇಟಾ. ಗಾಡಿ ಹೊಡಿತೀನಿ. ಉಳಿದಿದ್ದು ನೋಡ್ಕೋತ ಕುಂದರತೀನಿ."

೧. ದೊಡ್ಡ ಫೋನು, ದುಮ್ಮವಾಡದ ಗೋವಿನಜೋಳ

ಮೊದಲನೇ ಯಂತ್ರ ನನ್ನದೇ ಫೋನು. ಎಂಥಾ ಫೋನು ಅಂತೀರಿ! ನಮ್ಮ ಓಣಿಯಲ್ಲಿ ಅದಕ್ಕಿಂತ ದೊಡ್ಡ ಪರದೆ ಅಂದರೆ ಟಿವಿಯದೇ. ದುಮ್ಮವಾಡ ದಾಟಿ, ಆಳೆತ್ತರ ನಿಂತ ಗೋವಿನಜೋಳದ ಹೊಲದೊಳಗೆ ಬಾಣದ ಗುರುತು ಹಿಡಿದು ನುಗ್ಗಿದೆ. ಕಾಕಾ ರಸ್ತೆಯ ಮೇಲೇ ಉಳಿದರು.

ನೂರು ಹೆಜ್ಜೆ ಹೋಗುವುದರೊಳಗೆ ನೆಟ್‌ವರ್ಕ್ ಹೋಯಿತು. ನಕ್ಷೆ ಬಿಳೀ ಹಾಳೆಯಾಯಿತು. ಸುಳಿವು ತೆರೆಯಲಿಲ್ಲ. ನೆತ್ತಿಯ ಬಿಸಿಲಿಗೆ ಪರದೆಯಲ್ಲಿ ಕಾಣುತ್ತಿದ್ದದ್ದು ನನ್ನ ಮುಖ ಒಂದೇ, ಅದೂ ಬೆವೆತದ್ದು. ಬೆವರಿದ ಬೆರಳಿಗೆ ಫೋನು ಓ ಅನ್ನಲಿಲ್ಲ. ಬಂದ ದಾರಿ ಯಾವುದು ಎಂದು ತಿರುಗಿ ನೋಡಿದರೆ ನಾಲ್ಕೂ ಕಡೆ ಒಂದೇ ನಮೂನೆಯ ದಂಟು.

ಆಗ ಎಡಗಡೆ ಸರ್ ಅಂತು.

ಆ ವಾರವೇ ಕಾಡಿನ ಅಂಚಿನ ಹೊಲಗಳಲ್ಲಿ ಚಿರತೆ ಕಂಡಿತ್ತು ಅಂತ ಊರೆಲ್ಲ ಮಾತು. ನಾನು ಹೆದರಲಿಲ್ಲ. ಹೆದರಿದ್ದು ನನ್ನ ಕಾಲು. ಅವು ನನ್ನನ್ನು ಕೇಳದೆ ಓಡಿದವು. ಹೊಲದ ನಡುವೆ ಬೆಳೆ ಕಾಯಲು ನಾಲ್ಕು ಕಂಬದ ಮೇಲೆ ಕಟ್ಟಿದ ಅಟ್ಟವೊಂದಿತ್ತು. ಹೇಗೆ ಹತ್ತಿದೆನೋ ತಿಳಿಯದು. ಮೇಲೆ ಕೂತು ಕಣ್ಣು ಮುಚ್ಚಿದೆ. ಸರ್ ಸರ್ ಸಪ್ಪಳ ನಿಂತು ನಿಂತು ಹತ್ತಿರ ಬಂತು. ಅರ್ಧ ತಾಸು ಉಸಿರನ್ನು ಕಂತಿನಲ್ಲಿ ಬಿಟ್ಟೆ. ಕೊನೆಗೆ ದಂಟು ಸರಿಸಿ ಹೊರಬಂದಳು ಕುಡಗೋಲು ಹಿಡಿದ ಒಬ್ಬ ಮುದುಕಿ.

"ಆಯಿ, ಓಡ್ರಿ! ಚಿರತಿ ಐತ್ರಿ!"

"ಎಲ್ಲೈತೋ?"

"ನೀವು ಬಂದ ಕಡೆನ ಸಪ್ಪಳಾತು!"

"ಅದು ನಾನ. ಎಮ್ಮಿಗೆ ಹುಲ್ಲು ಕೊಯ್ಯಾಕತ್ತಿದ್ದೆ. ನೀ ಮೊದಲ ಇಳಿಯೋ ತಮ್ಮಾ. ಆ ಕಂಬ ಗೆದ್ದಲು ತಿಂದಾವು. ಚಿರತಿ ಸೈತ ಅದನ್ನ ಹತ್ತೂದಿಲ್ಲ, ಅದಕ್ಕೂ ಜೀವದ ಮ್ಯಾಲೆ ಆಸಿ ಐತಿ."

ಡಬ್ಬಿ ಸಿಗಲಿಲ್ಲ. ವಾಪಸು ಬಂದು ಚಾದಂಗಡಿಯಲ್ಲಿ ಕೂತಾಗ ನೆಟ್‌ವರ್ಕ್ ಬಂತು, ಸುಳಿವೂ ತೆರೆಯಿತು: 'ಕಾವಲಿನ ಅಟ್ಟದ ಕೆಳಗೆ, ಕಲ್ಲಿನ ಸಂದಿ.' ತಿರುಗಿ ಹೋಗಲು ನಾನು ತಯಾರಿದ್ದೆ, ನನ್ನ ಕಾಲು ಒಪ್ಪಲಿಲ್ಲ.

ಕಾಕಾ ಬಶಿಯಲ್ಲಿ ಚಾ ಆರಿಸುತ್ತ ಅಂದರು: "ಬೇಟಾ, ಅರ್ಧ ತಾಸು ನೀ ಅದರ ಮ್ಯಾಲೆ ಕಾವಿಗೆ ಕುಂತಿದ್ದಿ. ಇನ್ನೊಂದೀಟು ಕುಂತಿದ್ರ ಮರಿನ ಬರ್ತಿದ್ದವು."

೨. ಗುಂಡಿಯ ಯಂತ್ರ ಮತ್ತು ಕುಂಬಳಕಾಯಿ

ಎರಡನೆಯದು ಕಾಕಾನ ಅಂಗಡಿಯಲ್ಲಿ ಬಿದ್ದಿದ್ದ ಹಳೇ ಜಿಪಿಎಸ್. ಒತ್ತುವ ಗುಂಡಿಗಳು, ಕಪ್ಪು ಬಿಳುಪು ಪರದೆ. ನೆಟ್‌ವರ್ಕ್ ಬೇಡ, ಅದೊಂದು ಗುಣ. ಆದರೆ ಅದರೊಳಗೆ ಜಾಗದ ಅಂಕಿ ಬಿಟ್ಟರೆ ಬೇರೇನೂ ಹಿಡಿಸುವುದಿಲ್ಲ. ಸುಳಿವನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕು. ನನ್ನ ತಲೆಗೆ ಅದೇನು ಮಹಾ ಭಾರ? 'ಕುಂದಗೋಳ ಕಡೆ, ಕೆರೆಯ ದಂಡೆ, ದೊಡ್ಡ ಕಲ್ಲಿನ ಹಿಂದೆ.' ಬಾಯಿಪಾಠ.

ಅಂಕಿ ತುಂಬಿದವನೂ ನಾನೇ. ಇಲ್ಲಿ ಒಂದು ಸಣ್ಣ ತಪ್ಪಾಯಿತು. ನಮ್ಮದು ಹೊಲದ ಮನೆತನ. ಒಂದು ಎಕರೆ ಹತ್ತು ಗುಂಟೆಯನ್ನು ನಾವು ಒಂದು, ಚುಕ್ಕಿ, ಹತ್ತು ಅಂತ ಬರೆಯುವವರು. ನಲವತ್ತು ಗುಂಟೆಗೆ ಎಕರೆ ಎಂಬುದು ಹುಟ್ಟಿದ ಕೂಸಿಗೂ ಗೊತ್ತು. ಅದೇ ರೂಢಿಯಲ್ಲಿ ಹದಿನೈದು ಡಿಗ್ರಿ ಹದಿನೈದು ನಿಮಿಷವನ್ನು ಹದಿನೈದು, ಚುಕ್ಕಿ, ಹದಿನೈದು ಅಂತ ತುಂಬಿದೆ. ಯಂತ್ರ ಅದನ್ನು ದಶಾಂಶ ಎಂದು ತಿಳಿಯಿತು; ಅದರ ಲೆಕ್ಕಕ್ಕೆ ತುಂಬಬೇಕಿದ್ದದ್ದು ಹದಿನೈದು, ಚುಕ್ಕಿ, ಇಪ್ಪತ್ತೈದು. ನಾವು ಹೋಗಬೇಕಾದ ಜಾಗ ಬಿಟ್ಟು ಹತ್ತು ಹನ್ನೆರಡು ಕಿಲೋಮೀಟರ್ ಆಚೆ, ಯಾರದೋ ಮೆಣಸಿನಕಾಯಿ ಹೊಲಕ್ಕೆ ಬಂದು ನಿಂತೆವು.

"ಬೇಟಾ, ಕೆರಿ ಎಲ್ಲೈತಿ?"

"ಬತ್ತಿರಬೇಕು ಬಿಡ್ರಿ ಕಾಕಾ."

ಹೊಲದಲ್ಲಿ ಒಂದು ಹಳೇ ವೀರಗಲ್ಲಿತ್ತು. ದೊಡ್ಡ ಕಲ್ಲು! ಯಂತ್ರ ಹಿಡಿದು ಅದರ ಸುತ್ತ ಮೂರು ಸುತ್ತು ಹಾಕಿ, ಬುಡದ ಮಣ್ಣು ಕೆದರಲು ಕೂತೆ. ತಲೆ ಎತ್ತಿದಾಗ ಎದುರಿಗೆ ಎರಡು ಜೊತೆ ಕಾಲು. ಹೊಲದ ಯಜಮಾನ ಮತ್ತು ಅವನ ಆಳು.

"ಯಾರಪಾ ನೀ? ಏನ ಹುಡಕಾಕತ್ತಿ?"

"ಡಬ್ಬಿರಿ."

"ಎಂಥಾ ಡಬ್ಬಿ?"

"ಬಚ್ಚಿಟ್ಟಿದ್ದುರಿ."

"ಇಟ್ಟವರು ಯಾರು?"

"ಗೊತ್ತಿಲ್ರಿ."

"ಒಳಗೇನೈತಿ?"

"ತಗದ ಮ್ಯಾಲೆ ಗೊತ್ತಾಗೂದ್ರಿ."

ಒಂದೊಂದು ಉತ್ತರವೂ ಸತ್ಯ. ಒಂದೊಂದು ಉತ್ತರಕ್ಕೂ ಸುತ್ತಲಿನ ಹೊಲಗಳಿಂದ ಇಬ್ಬಿಬ್ಬರು ಹೆಚ್ಚಾದರು. 'ನಿಧಿ' ಎಂಬ ಮಾತು ಒಂದು ಬಾಯಿಂದ ಇನ್ನೊಂದು ಕಿವಿಗೆ ಹರಿದದ್ದು ನನಗೇ ಕೇಳಿಸಿತು. ಎಲ್ಲರ ಕೈಯಲ್ಲೂ ಕುಡಗೋಲು, ಸಲಿಕೆ. ಯಜಮಾನ ಯಂತ್ರ ನೋಡಿದ, ಕಲ್ಲು ನೋಡಿದ, ಆಮೇಲೆ ನನ್ನನ್ನು ಕೆಳಗಿಂದ ಮೇಲಿನವರೆಗೆ ನೋಡಿದ.

"ಬಲಿ ಇಲ್ಲದ ಇಂಥಾವು ಏಳೂದಿಲ್ಲ," ಅಂದ. ಆಳಿನ ಕಡೆ ತಿರುಗಿ, "ಹೋಗು. ಹರಿತ ಇದ್ದದ್ದ ತಾ."

ಆಳು ಓಡಿದ. ಬಲಿಯ ಕತೆಗಳನ್ನು ಕೇಳಿಯೇ ಬೆಳೆದವನು ನಾನು. ದೂರದಲ್ಲಿ ಗಾಡಿಯ ಮೇಲೆ ಕೂತಿದ್ದ ಕಾಕಾನ ಕಡೆ ಕೈ ಬೀಸಿದೆ. ಅವರೂ ಕೈ ಬೀಸಿದರು. ಅವರು ತಿಳಿದದ್ದು ಡಬ್ಬಿ ಸಿಕ್ಕಿತು ಅಂತ.

ಆಳು ಬಂದ. ಒಂದು ಕೈಯಲ್ಲಿ ಫಳಫಳ ಹೊಳೆಯುವ ಕುಡಗೋಲು. ಇನ್ನೊಂದು ಕೈಯಲ್ಲಿ, ಬಗಲಿಗೆ ಒತ್ತಿಕೊಂಡು, ಬೂದುಗುಂಬಳಕಾಯಿ. ಅದನ್ನು ಕಂಡದ್ದೇ ನಾನು ವೀರಗಲ್ಲಿಗೆ ಒರಗಿ ಕುಸಿದೆ.

ಯಜಮಾನ ಬಗ್ಗಿ ಕೇಳಿದ: "ಯಾಕಪಾ, ನಿನ್ನ ಕೊಡ್ತೀವಿ ಅಂತ ತಿಳಿದೇನು? ಬಲಿಗೆ ಒಂದು ಲಕ್ಷಣ ಬೇಕೋ ಮಾರಾಯಾ. ಆ ಕಾಯಿ ನೋಡು. ಕುಡಗೋಲು ಬಾಜೂಕ ಇದ್ರೂ ಒಂಚೂರರ ನಡಗೇತೇನು?"

೩. ಮೇಡಂ ಅವರ ಯಂತ್ರ, ಬೆಣ್ಣಿಹಳ್ಳದ ಎರಿ ಮಣ್ಣು

ಕುಂಬಳಕಾಯಿ ಒಡೆದು ಅಗೆದಾಗ ಸಿಕ್ಕಿದ್ದು ತುಕ್ಕು ಹಿಡಿದ ನೇಗಿಲ ಕುಳ. ಅದಿರಲಿ. ಎರಡು ಡಬ್ಬಿ ಹೋಗಿದ್ದವು, ಒಂದೇ ಉಳಿದಿತ್ತು. ಅದೂ ತಪ್ಪಿದರೆ ಮುಂದಾಳುತನ ಹೋಯಿತು, ಬೀಗರ ಮುಂದೆ ಅವ್ವನ ಮಾನವೂ ಹೋಯಿತು. ಈ ಸಲ ಮೇಡಂ ತಮ್ಮ ಸ್ವಂತ ಯಂತ್ರವನ್ನೇ ಕೊಟ್ಟರು.

ಯಂತ್ರ ಅಂದರೆ ಅದು! ಅಂಗೈಯಷ್ಟು ಗಾತ್ರ, ರಬ್ಬರಿನ ದಪ್ಪ ಮೈ, ಬಿಸಿಲು ಬಿದ್ದಷ್ಟೂ ನಿಚ್ಚಳವಾಗುವ ಪರದೆ, ಯಾವ ಕಿರಾಣಿ ಅಂಗಡಿಯಲ್ಲೂ ಸಿಗುವ ಎರಡು ಸೆಲ್ಲು. ಮನೆಯಲ್ಲೇ ಕಂಪ್ಯೂಟರಿನಿಂದ ತುಂಬಿಕೊಂಡರೆ ಡಬ್ಬಿಯ ವಿವರ, ಸುಳಿವು, ಹಿಂದೆ ಹುಡುಕಿದವರು ಬರೆದ ಮಾತು, ಎಲ್ಲ ಒಳಗೇ. ಸಿಕ್ಕ ಮೇಲೆ ನಾವು ಬರೆಯುವುದನ್ನೂ ಅದರಲ್ಲೇ ಬರೆಯಬಹುದು. ಅಂಕಿಯನ್ನೂ ಮೇಡಂ ಅವರೇ ತುಂಬಿದ್ದರು. "ನೀ ಏನೂ ಒತ್ತಬ್ಯಾಡ," ಅಂದಿದ್ದರು.

ನವಲಗುಂದ ದಾಟಿ ಯಮನೂರಿನ ಹತ್ತಿರ ಬೆಣ್ಣಿಹಳ್ಳದ ದಂಡೆಗೆ ಬಂದೆವು. ಹಿಂದಿನ ದಿನ ಮಳೆಯಾಗಿತ್ತು. ಒಂದು ಹೊಲದಾಚೆ ಜಾಲಿಗಿಡ, ಅದರ ಬೊಡ್ಡೆಯಲ್ಲಿ ಡಬ್ಬಿ.

"ಬೇಟಾ, ಎರಿ ಹೊಲ, ಕರೀ ಮಣ್ಣು ಕಾಲು ಹಿಡಿತೈತಿ. ಸುತ್ತು ಹಾಕ್ಕೊಂಡು ಹೋಗೂಣು," ಅಂದರು ಕಾಕಾ.

ನಮ್ಮ ಕಲಘಟಗಿ ಕಡೆಯ ಕೆಂಪು ಮಣ್ಣು ಕಾಲು ಝಾಡಿಸಿದರೆ ಉದುರುತ್ತದೆ. ಮಣ್ಣಿಗೆ ಹೆದರುವ ರೈತನ ಮಗ ಎಲ್ಲಿಯಾದರೂ ಉಂಟೇ? ಮೇಡಂ ಯಂತ್ರಕ್ಕೆ ಕೆಸರು ಹತ್ತಬಾರದೆಂದು ಕಾಕಾನ ಕೈಗೆ ಕೊಟ್ಟು ಇಳಿದೆ. ಹತ್ತನೇ ಹೆಜ್ಜೆಗೆ ಒಂದೊಂದು ಚಪ್ಪಲಿ ಐದೈದು ಕಿಲೋ ಆಯಿತು. ಹದಿನೈದಕ್ಕೆ ಚಪ್ಪಲಿ ಮಣ್ಣಿನ ಪಾಲಾಯಿತು. ಇಪ್ಪತ್ತಕ್ಕೆ ಮೊಣಕಾಲಿನ ತನಕ ಹೂತು ನಿಂತೆ. ಎಡಗಾಲು ಎತ್ತಲು ಬಲಗಾಲು ಒತ್ತಿದೆ, ಅದು ಇನ್ನೂ ಇಳಿಯಿತು.

ಆಗ ಹಳ್ಳದ ಕಡೆಯಿಂದ ಗುಂಯ್ ಎಂಬ ಸಪ್ಪಳ. ಬೆಣ್ಣಿಹಳ್ಳದ ಸ್ವಭಾವ ಆ ಕಡೆಯವರಿಗೆಲ್ಲ ಗೊತ್ತು. ಮಳೆ ಎಲ್ಲೋ ಆಗುತ್ತದೆ, ನೀರು ಇಲ್ಲಿ ಏರುತ್ತದೆ. ನೋಡುತ್ತಿದ್ದಂತೆಯೇ ಸಾಲಿನೊಳಗೆ ಕೆಂಚು ನೀರು ಹಾವಿನ ಹಾಗೆ ಹರಿದು ಬಂತು.

"ಕಾಕಾ!"

"ಅಲ್ಲೇ ಇರು!"

"ಎಲ್ಲಿ ಹೋಗ್ಲಿರಿ ಕಾಕಾ!"

ಕಾಕಾ ಯಂತ್ರದ ಮೇಲೆ ಏನೋ ಒತ್ತಿದರು. ಆಮೇಲೆ ಬೆನ್ನು ತಿರುಗಿಸಿ ಹೋದರು. ಹೋಗಿಯೇಬಿಟ್ಟರು.

ಈಗ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ, ಹೆದರಿದೆ. ಊರ ಬಸವಣ್ಣನಿಗೆ ನೂರೊಂದು ಕಾಯಿ ಬೇಡಿಕೊಂಡೆ. ಯಮನೂರ ದರ್ಗಾದಲ್ಲಿ ಸಕ್ಕರೆ ಓದಿಸಿ ಹಂಚುತ್ತೇನೆ ಅಂದೆ. ನೀರು ತೊಡೆಗೆ ಬಂತು. ಅವ್ವಾ ಅಂದೆ. ಟೊಂಕಕ್ಕೆ ಬಂತು. ಆಮೇಲೆ ಬರೀ ಒದರಿದೆ, ಅದರಲ್ಲಿ ಮಾತೇ ಇರಲಿಲ್ಲ.

ಎಷ್ಟು ಹೊತ್ತಾಯಿತೋ, ಜಾಲಿಕಂಟಿಯ ಹಿಂದೆ ಜನರ ದನಿ ಕೇಳಿತು. ಯಮನೂರಿನಿಂದ ನಾಲ್ವರನ್ನು ಹಗ್ಗ, ಹಲಗೆ ಸಮೇತ ಕರೆದುಕೊಂಡು ಕಾಕಾ ಗಟ್ಟಿ ನೆಲದ ಕಡೆಯಿಂದ ಸುತ್ತಿ ಬರುತ್ತಿದ್ದರು. ಆ ಕಂಟಿಯಲ್ಲಿ ಜಾಗ ಗುರುತಾಗದೆಂದು, ನಾನು ಸಿಕ್ಕಿಕೊಂಡ ಜಾಗವನ್ನು ಹೋಗುವ ಮೊದಲೇ ಯಂತ್ರದಲ್ಲಿ ನಮೂದಿಸಿದ್ದರಂತೆ. ಈಗ ಅದನ್ನು ನೋಡುತ್ತ ಎಣಿಸುತ್ತಿದ್ದರು.

"ಇನ್ನ ಇಪ್ಪತ್ತು ಹೆಜ್ಜಿ... ಹನ್ನೆರಡು... ಇಲ್ಲೇ ಎಲ್ಲೋ ಇರಬೇಕು."

"ಇಲ್ಲೇ ಇದ್ದೀನ್ರಿ ಕಾಕಾ!"

"ಗಪ್ ಇರೋ. ಯಂತ್ರ ಇನ್ನ ಹೇಳಿಲ್ಲ."

ಯಂತ್ರ ಹೇಳಿತು. ಹಲಗೆ ಹಾಸಿ, ಬಗಲಿಗೆ ಹಗ್ಗ ಕಟ್ಟಿ, ಐದೂ ಜನ ನನ್ನನ್ನು ಮೂಲಂಗಿ ಕಿತ್ತ ಹಾಗೆ ಕಿತ್ತರು. ಬದುವಿನ ಮೇಲೆ ಬಿದ್ದು ಉಸಿರಾಡುತ್ತಿದ್ದಾಗ ಕಾಕಾ ನಿಧಾನಕ್ಕೆ ಒಂದೊಂದೇ ಅಕ್ಷರ ಒತ್ತುತ್ತ ಯಂತ್ರದೊಳಗೆ ಬರೆಯತೊಡಗಿದರು. ಬರೆದದ್ದನ್ನು ಎಲ್ಲರಿಗೂ ಓದಿ ಹೇಳಿದರು:

"ಸಿಕ್ಕಿತು. ಒದ್ದಿ ಆಗೈತಿ. ಮುಚ್ಚಳ ಸಡಿಲ ಐತಿ, ಭಾಳ ಒದರತೈತಿ."

"ಮುಂದೇನ ಮಾಡೂದ್ರಿ?" ಕೇಳಿದ ಹಗ್ಗ ಹಿಡಿದವನು.

"ಈ ಆಟದಾಗ ಸಿಕ್ಕ ಮಾಲು ಎಲ್ಲಿ ಇತ್ತೋ ಅಲ್ಲೇ ತಿರುಗಿ ಇಡಬೇಕಂತ."

ನಾನು ಕಾಕಾನ ಎರಡೂ ಕಾಲು ಗಟ್ಟಿಯಾಗಿ ಹಿಡಿದುಕೊಂಡೆ.

ಮಾರನೇ ವಾರ ಧಾರವಾಡದಲ್ಲಿ ಮೇಡಂ ಮುಂದೆ ಎದೆ ಉಬ್ಬಿಸಿ ವರದಿ ಒಪ್ಪಿಸಿದೆ. ಫೋನು ಬೇಡ, ನೆಟ್‌ವರ್ಕ್ ಹೋದರೆ ಕುರುಡು. ಹಳೆಯದು ಬೇಡ, ಅದಕ್ಕೆ ಅಂಕಿ ಬಿಟ್ಟರೆ ಏನೂ ತಿಳಿಯದು. ನಿಮ್ಮಂಥದ್ದೇ ಬೇಕು. ಅದನ್ನು ನನ್ನ ಜೀವ ಒತ್ತೆಯಿಟ್ಟು ಪರೀಕ್ಷೆ ಮಾಡಿದ್ದೇನೆ. ಮೇಡಂ ಯಂತ್ರದೊಳಗೆ ಕಾಕಾ ಬರೆದದ್ದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ನಿನ್ನ ಮಾತು ಬರೋಬರಿ ಅದ. ಅದನ್ನ ತರಸ್ತೀನಿ."

ಯಂತ್ರ ಬಂತು. ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ, ಕಾಕಾ ಗಾಡಿ ಹೊಡೆದರು. ಮೇಡಂ ಹೊಸ ಯಂತ್ರವನ್ನು ಎತ್ತಿ ನನ್ನ ಮೂಗಿನ ಮುಂದಿನಿಂದಲೇ ದಾಟಿಸಿ ಕಾಕಾನ ಕೈಯಲ್ಲಿಟ್ಟರು.

"ಮೇಡಂ! ಡಬ್ಬಿ ಹುಡುಕಾಕ ಹೋದವ ನಾನ್ರಿ!"

"ಹೌದಪಾ. ಮೂರರೊಳಗ ನೀ ಒಂದೂ ಹುಡುಕಲಿಲ್ಲ. ಇವರು ಹುಡುಕಾಕ ಹೋಗದನ ಒಂದು ಹುಡುಕ್ಯಾರ."

ಕಾಕಾ ಟೋಪಿ ಸರಿಮಾಡಿಕೊಂಡರು. ನನಗೆ ಬಮ್ಮಿಗಟ್ಟಿಯ ಓಣಿ ಕಣ್ಣ ಮುಂದೆ ಬಂತು, ಬೀಗರೂ ಬಂದರು. "ಮತ್ತ ನನಗ್ರಿ?" ಅಂದೆ.

"ನಿನ್ನ ಬಿಡ್ತೀನೇನು? ನಿನಗೂ ಒಂದು ತರಸೀನಿ. ಕೈಯಾಗ ಹಿಡಿಯೂದ. ಸೆಲ್ ಬ್ಯಾಡ, ನೆಟ್‌ವರ್ಕ್ ಬ್ಯಾಡ. ನೀರಾಗ ಬಿದ್ರೂ ಕೆಡೂದಿಲ್ಲ. ನೀ ಎಲ್ಲಿದ್ದೀ ಅನ್ನೂದನ್ನ ಅಗದಿ ಬರೋಬರಿ ಹೇಳ್ತದ."

ನೋಡಿದಿರಾ ಎಂಬಂತೆ ಕಾಕಾನ ಕಡೆ ಒಂದು ನೋಟ ಒಗೆದು, ಕೈ ಚಾಚಿ ಪೊಟ್ಟಣ ಇಸಿದುಕೊಂಡೆ. ಅಲ್ಲೇ ಬಿಚ್ಚಿದೆ.

ಒಂದು ಸೀಟಿ. ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಸೀಟಿ.