ಅಮೆರಿಕದ ರೇಸ್ ಕಾರಿಗೆ ನಿಂಬೆಹಣ್ಣು

ಒಂಬತ್ತನೇ ಕ್ಲಾಸಿನಲ್ಲಿ ಗಣಿತದ ಮೇಷ್ಟ್ರು ನನ್ನನ್ನು ಹೊರಗೆ ನಿಲ್ಲಿಸಿದ ಆ ಸೋಮವಾರ, ನಿಲ್ಲುವ ಬದಲು ನಡೆದೇಬಿಟ್ಟವನು ನಾನು. ಲಾರಿ, ಗ್ಯಾರೇಜು, ದುಬೈ ಎಲ್ಲ ಸುತ್ತಿ ಈಗ ನೆದರ್ಲೆಂಡ್ಸ್‌ನ ವೆಲ್ಡ್‌ಹೋವನ್ ಪಕ್ಕದ ಶೆಡ್ಡೊಂದರಲ್ಲಿ ಅಮೆರಿಕದವರ ಸ್ಪೋರ್ಟ್ಸ್ ಕಾರ್ ರೇಸ್ ತಂಡಕ್ಕೆ ಟೈರ್ ಬದಲಾಯಿಸುತ್ತೇನೆ. ಎಲ್ಲಿಗೆ ಹೋದರೂ ನನಗೆ ಸಿಟ್ಟು ಬರಿಸುವವರು ನನಗಿಂತ ಮೊದಲೇ ಅಲ್ಲಿ ಬಂದು ಕೂತಿರುತ್ತಾರೆ.

ಚರಿತ್ರೆ

ನಮ್ಮ ಯಜಮಾನ ಅಮೆರಿಕದವನು. ಅತಿಥಿಗಳು ಕಂಡರೆ ಸಾಕು, ತಂಡದ ಚರಿತ್ರೆ ಶುರು. ಅವನ ಅಪ್ಪ ದನದ ಕೊಟ್ಟಿಗೆಯಲ್ಲಿ ಹಳೇ ಕಾರು ಬಿಚ್ಚಿ ಕಟ್ಟಿ ತಂಡ ಹುಟ್ಟಿಸಿದರಂತೆ. ಮೊದಲ ರೇಸಿನಲ್ಲಿ ಅಪ್ಪನಿಗೆ ಮೂರನೇ ಸ್ಥಾನ ಬಂತು ಎಂದು ಬೆಳಗಿನ ಅತಿಥಿಗಳಿಗೆ ಹೇಳಿದ, ಮಧ್ಯಾಹ್ನದವರಿಗೆ ಎರಡನೇ ಸ್ಥಾನ ಎಂದ. ಸಂಜೆ ಸ್ಪಾನ್ಸರ್‌ಗಳು ಬಂದಾಗ ಅಪ್ಪ ಗೆದ್ದೇಬಿಟ್ಟರು.

"ಸಾರ್, ಬೆಳಿಗ್ಗೆ ಮೂರನೇದು ಅಂದ್ರಲ್ಲ?" ಅಂದೆ.

"ಆಗಿನ್ನೂ ಕಾಫಿ ಕುಡಿದಿರಲಿಲ್ಲ," ಅಂದ.

ಇನ್ನೊಬ್ಬ ಅತಿಥಿ ಬಂದಿದ್ದರೆ ಕಾರು ಕಟ್ಟುವ ಮೊದಲೇ ಗೆಲ್ಲುತ್ತಿದ್ದರು!

ಈ ಚರಿತ್ರೆಯನ್ನೆಲ್ಲ ಫೋಟೊ ಮಾಡಿಸಿ ಗೋಡೆಗೆ ಹಾಕುತ್ತೇನೆ, ಯುರೋಪಿನಲ್ಲಿ ನಾವು ಗೆದ್ದ ರೇಸಿನ ಫೋಟೊದಲ್ಲಿ ನೀನೂ ಇರುತ್ತೀಯ ಎಂದು ಯಜಮಾನ ಮಾತು ಕೊಟ್ಟ. ಶಾಲೆಯ ಗ್ರೂಪ್ ಫೋಟೊದಲ್ಲೂ ಇಲ್ಲದವನು ನಾನು. ಆ ಗೋಡೆಯ ಆಸೆಗೇ ಇಷ್ಟು ದಿನ ಒಂದೇ ಕಡೆ ನಿಂತೆ.

ನಿಂಬೆಹಣ್ಣು

ಆಯುಧಪೂಜೆ ದಿನ ಕಾರಿಗೆ ಕುಂಕುಮ ಹಚ್ಚಿ, ನಾಲ್ಕೂ ಚಕ್ರದಡಿ ನಿಂಬೆಹಣ್ಣು ಇಟ್ಟು, ಅದರ ಮೇಲೆ ಹತ್ತಿಸಲು ಡ್ರೈವರನ್ನು ಕೂರಿಸಿದೆ. ಯಜಮಾನನ ಮುಖ ಕುಂಕುಮಕ್ಕಿಂತ ಕೆಂಪಾಯಿತು.

"ನನ್ನ ಕಾರನ್ನು ಲೆಮನ್ ಅಂತೀಯಾ?"

ಅವರ ದೇಶದಲ್ಲಿ ಲೆಮನ್ ಅಂದರೆ ಕೊಂಡ ದಿನದಿಂದಲೇ ಕೈಕೊಡುವ ಡಕೋಟ ಗಾಡಿಯಂತೆ! ದೃಷ್ಟಿ ನಿವಾರಣೆಗೆ ಇಟ್ಟಿದ್ದು ಅನ್ನೋದನ್ನು ನನಗೆ ಬಂದಷ್ಟು ಇಂಗ್ಲಿಷ್‌ನಲ್ಲಿ ವಿವರಿಸಿದೆ: "ಇದರ ಮೇಲೆ ಹತ್ತಿಸಿದರೆ ಕಣ್ಣು ಹೋಗುತ್ತೆ ಸಾರ್."

ಯಾರ ಕಣ್ಣು ಎಂದು ಹೇಳುವಷ್ಟರಲ್ಲಿ ಅವನು ಡ್ರೈವರನ್ನು ಕಾಲರ್ ಹಿಡಿದು ಕಾರಿನಿಂದ ಎಳೆದು ಇಳಿಸಿದ.

ಪಂಚರ್

ವೆಲ್ಡ್‌ಹೋವನ್‌ನ ಕನ್ನಡದವರ ಮನೆಗೆ ಊಟಕ್ಕೆ ಹೋಗಿದ್ದೆ. ಧಾರವಾಡ ಕಡೆಯ ಹೆಂಗಸೊಬ್ಬರು ಹೋಳಿಗೆ ಬಡಿಸುತ್ತ, "ಏನ್ ಕೆಲಸ ಮಾಡ್ತೀಯಪಾ?" ಎಂದು ಕೇಳಿದರು.

"ರೇಸ್ ಕಾರಿಗೆ ಟೈರ್ ಹಾಕ್ತೀನಿ ಆಂಟಿ. ಕಣ್ಣು ಮಿಟುಕಿಸೋಷ್ಟರಲ್ಲಿ."

"ಹಂಗಂದ್ರ ಪಂಚರ್ ಅಂಗಡಿ ಅನ್ನು!"

ಮೈಯೆಲ್ಲ ಉರಿದುಹೋಯಿತು. ಪಂಚರ್ ಅಂಗಡಿಯೋ ಏನೋ, ತಂಡದ ಚರಿತ್ರೆಯ ಗೋಡೆ ಮೇಲೆ ನಾನಿರ್ತೀನಿ, ಬಂದು ನೋಡಿ ಅಂದೆ.

"ಬರ್ತೇನಪಾ. ಬರೋ ಮುಂದ ನಮ್ಮನಿಯವರ ಸೈಕಲ್ಲೂ ತರ್ತೇನಿ. ಹಿಂದಿನ ಗಾಲ್ಯಾಗ ಗಾಳಿ ನಿಲ್ಲವಲ್ದು."

ಗೋಡೆ

ಗೋಡೆ ಉದ್ಘಾಟನೆಗೆ ಆಂಟಿ ಬಂದರು, ಸೈಕಲ್ ಸಮೇತ. ಗೋಡೆಯ ಮೇಲೆ ಕೊಟ್ಟಿಗೆ ಇತ್ತು, ಯಜಮಾನನ ಅಪ್ಪ ಇದ್ದರು, ಕೊಟ್ಟಿಗೆಯ ಹಸುವೂ ಇತ್ತು. ಕೆಳಗೆ ಹಸುವಿನ ಹೆಸರೂ ಬರೆದಿತ್ತು.

"ನೀ ಎಲ್ಲಿದ್ದೀಪಾ?"

ಹುಡುಕಿದೆ. ಯುರೋಪಿನ ಗೆಲುವಿನ ಫೋಟೊದ ಮೂಲೆಯಲ್ಲಿ ಟೈರ್ ಹಿಡಿದ ಒಂದು ಕೈ. ಮೊಣಕೈಗೇ ಕತ್ತರಿಸಿದ್ದರು. ಹಸುವಿಗೆ ಬಾಲದ ತುದಿಯವರೆಗೂ ಜಾಗ, ನನಗೆ ಮೊಣಕೈ ತನಕ!

"ಇದೀಯಲ್ಲ!" ಅಂದ ಯಜಮಾನ. "ಆ ಕೈ ಇಲ್ಲದೆ ನಮ್ಮ ಚರಿತ್ರೆಯೇ ಇಲ್ಲ."

"ಕೈ ಭಾಳ ಚಲೋ ಬಂದದ ಬಿಡಪಾ," ಅಂದರು ಆಂಟಿ.

ಒಳಗೆ ಹೋಗಿ ಬಟ್ಟೆಬರೆ ಬ್ಯಾಗಿಗೆ ತುರುಕತೊಡಗಿದೆ. ಯಜಮಾನ ಓಡಿಬಂದ.

"ಎಲ್ಲಿಗೆ ಹೊರಟೆ? ಭಾನುವಾರ ರೇಸ್ ಇದೆ! ಟೈರ್ ಹಾಕೋರು ಯಾರು?"

"ಕೈ ಗೋಡೆ ಮೇಲೇ ಇದೆಯಲ್ಲ ಸಾರ್, ಅದಕ್ಕೇ ಹೇಳಿ," ಎಂದು ಜಿಪ್ ಎಳೆದೆ.