ಅಡುಗೆಯವರ ಮೀಟಿಂಗಿಗೆ ಅಣ್ಣ ಹೆಸರಿಟ್ಟದ್ದು

ನಮ್ಮ ಅಣ್ಣ ಸಾವಿರ ಎಲೆಯ ಅಡುಗೆಗೆ ಕಣ್ಣಳತೆಯಲ್ಲೇ ಉಪ್ಪು ಹಾಕುವ ಮನುಷ್ಯ. ಅಂಥವನು ಒಂದು ಮೀಟಿಂಗಿಗೆ ಹೆಸರಿಡಲು ಇಡೀ ಮಳೆಗಾಲ ತೆಗೆದುಕೊಂಡ ಎಂದರೆ ನಂಬುತ್ತೀರಾ? ನಂಬಲೇಬೇಕು. ಆ ಮಳೆಗಾಲ ಪೂರ್ತಿ ಅವನ ಎದುರು ಕೂತು ಹೂಂಗುಟ್ಟಿದವನು ನಾನು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಅವನ ಹಿಂದೆ ಸೌಟು ಹಿಡಿದು ಹೊರಟವನು ಹೂಂ ಅನ್ನದೆ ಮತ್ತೇನು ಅಂದಾನು?

ಸಂಗತಿ ಇಷ್ಟೇ. ನಮ್ಮ ಕಡೆ ಮೊಬೈಲು ಇನ್ನೂ ಬಾರದ ಕಾಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡುಗೆಯವರೆಲ್ಲ ಒಂದು ದಿನ ಒಟ್ಟು ಸೇರಬೇಕು, ಪಂಕ್ತಿಯಲ್ಲಿ ಕೂರಬೇಕು, ಬೇರೆಯವರು ಅವರಿಗೆ ಬಡಿಸಬೇಕು ಎಂಬುದು ಅಣ್ಣನ ತಲೆಗೆ ಹೊಕ್ಕಿತು. ಊರಿಗೆಲ್ಲ ಉಣ್ಣಿಸಿದವರನ್ನು ಒಂದು ದಿನವಾದರೂ ಯಾರಾದರೂ "ಇನ್ನಷ್ಟು ಹಾಕಲಾ?" ಎಂದು ಕೇಳಬೇಡವೇ? ಆಸೆ ದೊಡ್ಡದಲ್ಲ. ಆದರೆ ಕರೆಯುವ ಹೆಸರು ತಪ್ಪಿದರೆ ಎಲ್ಲ ಕೆಟ್ಟಿತು ಎಂದು ಅವನು ಪಟ್ಟು ಹಿಡಿದ. ಈ ವಿಷಯದಲ್ಲಿ ಅವನ ಅನುಭವ ಸಣ್ಣದಲ್ಲ. ಡಾಕ್ಟರರು, ವಕೀಲರು, ಮಾಸ್ತರರು, ಯಾರೇ ಸೇರಿದರೂ ಅವರನ್ನು ಸಭಾಭವನದ ಹಿಂದಿನ ಒಲೆಯ ಬುಡದಿಂದ ನೋಡಿದವನು.

"ವಿಚಾರ ಸಂಕಿರಣ ಅಂತ ಇಡಲಕ್ಕಾ?" ಎಂದು ನಾನು ಕೇಳಿದೆ.

"ಥೋ, ಬ್ಯಾಡ. ಸಂಕಿರಣದವು ಹೋಳಿಗೆ ಉಂಡು ಕುರ್ಚಿಯಲ್ಲೇ ಗೊರಕೆ ಹೊಡೀತ."

"ಅಧಿವೇಶನ?"

"ಅವು ಎಲೆ ಮುಂದೂ ಜಗಳ ಮಾಡ್ತ. ಪಾಯಸ ಮೊದಲಾ ಹೋಳಿಗೆ ಮೊದಲಾ ಹೇಳಿ ಠರಾವು ಮಾಡಿದ್ದು ನೆನಪಿಲ್ಯನಾ?"

"ಕಾರ್ಯಾಗಾರ?"

"ಉಪ್ಪಿಟ್ಟು, ಚಾ. ಅಲ್ಲಿ ಎಲೆನೇ ಇಲ್ಲೆ."

"ಹಾಂಗಾರೆ ಸುಮ್ನೆ ಸಭೆ ಅಂದ್ರೆ ಆಗದಾ?"

"ಸಭೆಗೆ ಬಂದವ ತಾನೇ ಜಾಗ ಹುಡುಕ್ಕಂಡು ಕೂರವು ತಮ್ಮಾ. ನಮ್ಮವು ಕೂರ್ತ್ವಿಲ್ಲೆ, ಸೀದಾ ಒಲೆ ಬುಡಕ್ಕೇ ಹೋಗ್ತ."

ಕೋಲಸಿರ್ಸಿಯ ಕನ್ನಡ ಮಾಸ್ತರರೊಬ್ಬರನ್ನು ಕೇಳಿದ್ದೂ ಆಯಿತು. ಅವರು ಕನ್ನಡಕ ಒರೆಸಿಕೊಂಡು "ಪಾಕಶಾಸ್ತ್ರ ಪ್ರವೀಣರ ಸಮಾಲೋಚನಾ ಗೋಷ್ಠಿ" ಎಂದು ಅಪ್ಪಣೆ ಕೊಟ್ಟರು. ಅಣ್ಣ ಕೈ ಮುಗಿದ. "ಮಾಸ್ತರ್ರೆ, ಇದ್ನ ಹೇಳಿ ಮುಗ್ಸೂದ್ರೊಳಗೆ ಅನ್ನ ತಳ ಹಿಡೀತು."

ಇಷ್ಟರ ನಡುವೆ ಬ್ಯಾನರಿನ ಕೆಲಸ ಶುರುವಾಗಿತ್ತಲ್ಲ! ಶಿರಸಿ ಪೇಟೆಯ ಪೇಂಟರ್ ಸಾಹೇಬರು ಹಳದಿ ಬಟ್ಟೆಯ ಮೇಲೆ ಮೊದಲು 'ಸಭೆ' ಬರೆದರು. ಅದರ ಮೇಲೆ ಬಣ್ಣ ಬಳಿದು 'ಗೋಷ್ಠಿ', ಅದನ್ನೂ ಮುಚ್ಚಿ 'ಸಮಾವೇಶ'. ಮತ್ತೊಂದು ಹೆಸರು ಹಿಡಿದು ಹೋದಾಗ ಸಾಹೇಬರು ಬ್ರಷ್ಷು ಕೆಳಗಿಟ್ಟರು. "ಭಟ್ರೇ, ಬಣ್ಣದ ಮೇಲೆ ಬಣ್ಣ ಕೂತು ಈ ಬಟ್ಟೆ ಹಪ್ಪಳ ಆಗಿದೆ. ಬರೆಯೂದು ಬೇಡ, ತಗೊಂಡು ಹೋಗಿ ಕರಿದುಬಿಡಿ."

ಹೊಸ ಬಟ್ಟೆ ತಂದೆವು. ಅದರ ಮೇಲೆ ಕೊನೆಗೂ ನಿಂತದ್ದು 'ಸಮ್ಮೇಳನ'.

"ಸಮ್ಮೇಳನದಲ್ಲಿ ಬಾಗಿಲಲ್ಲೇ ಒಬ್ಬ ನಿಂತಿರ್ತ," ಅಂದ ಅಣ್ಣ. "ಗಂಧ ಹಚ್ತ, ಕೈ ಹಿಡ್ದು ಒಳಗೆ ಕರ್ಕಂಡು ಹೋಗಿ ಕೂರಿಸ್ತ. ನಮಗೆ ಬೇಕಾದ್ದು ಅದೇ."

ಕರೆಯಲು ಹೊರಟವನು ನಾನು. ಬಸ್ಸು ಹತ್ತಿ ಯಲ್ಲಾಪುರಕ್ಕೆ ಹೋಗಿ ಅಲ್ಲಿಯ ಹಿರಿಯ ಅಡುಗೆಯವರಿಗೆ ಸಮ್ಮೇಳನದ ವಿಷಯ ಹೇಳಿದೆ.

"ಎಷ್ಟು ಎಲೆ?" ಅಂದರು.

"ಎಲೆ ಲೆಕ್ಕ ಎಂತದೂ ಇಲ್ಲೆ. ನಿಂಗ ಬಂದು ಕೂತ್ಕಂಡ್ರೆ ಆತು."

"ಕೂತ್ಕಂಡು ಎಂತ ತರಕಾರಿ ಹೆಚ್ಚವು?"

ಸಿದ್ದಾಪುರದವರು ಹೆಸರು ಕೇಳಿ ಬಹಳ ಗೌರವದಿಂದ ತಲೆದೂಗಿದರು. "ಸಮ್ಮೇಳನನಾ? ಭಾರೀ ಚೊಲೋ ಆತು. ಸೌಟು, ಝಾರೆ ಒಂದೊಂದು ಸಾಕಾ, ಎರಡೆರಡು ತರವಾ?" ಕರೆ ಬಂತೆಂದರೆ ಕೆಲಸ ಬಂತು ಎಂದೇ ತಲೆಯೆಲ್ಲ ನರೆಸಿಕೊಂಡವರು ಅವರು.

ಆ ದಿನ ಬಂತು. ಎಲ್ಲರೂ ಬಂದರು, ಒಬ್ಬರೂ ತಪ್ಪಲಿಲ್ಲ. ಒಬ್ಬೊಬ್ಬರ ಕಂಕುಳಲ್ಲೂ ಪಂಜೆಯಲ್ಲಿ ಸುತ್ತಿದ ಸೌಟು! ಸಭಾಭವನದ ಬಾಗಿಲಲ್ಲಿ ಗಂಧದ ಬಟ್ಟಲು ಹಿಡಿದು ನಿಂತ ಅಣ್ಣನಿಗೆ ನಮಸ್ಕಾರ ಹೇಳಿದರು, ಬ್ಯಾನರಿನ ಅಡಿಗೇ ಹಾದರು, ಕಟ್ಟಡ ಬಳಸಿ ಹಿಂದಿನ ಒಲೆಯ ಹತ್ತಿರ ಗುಂಪು ಕಟ್ಟಿದರು. ಅಣ್ಣ ಗಂಧದ ಬಟ್ಟಲಿನೊಂದಿಗೇ ಹಿಂದಕ್ಕೆ ಓಡಿದ.

"ಕೊಡಿ ಇಲ್ಲಿ ಸೌಟು. ಇದು ಸಮ್ಮೇಳನ!"

ಒಂದೊಂದೇ ಕಸಿದು ಖಾಲಿ ಕೊಪ್ಪರಿಗೆಗೆ ಹಾಕಿ, ಮುಚ್ಚಳ ಮುಚ್ಚಿ, ಮೇಲೆ ಒಂದು ಒಳಕಲ್ಲಿನ ಗುಂಡು ಹೇರಿದ. ಆಮೇಲೆ ಎಲ್ಲರ ಕೈ ಹಿಡಿದು ಒಳಗೆ ಕೂರಿಸಿದ.

ಅಡುಗೆ ಮಾಡಿದವರು ಯಾರು ಎಂದು ನೀವು ಕೇಳುತ್ತೀರಿ. ಅಣ್ಣನೇ, ಒಬ್ಬನೇ. ಬೆಳಿಗ್ಗೆ ನಾನು ಅಂಗಿಯ ತೋಳು ಮಡಚಿ ಹೋದರೆ ಗದರಿಸಿದ್ದ. "ನೀನೂ ಅಡುಗೆಯವ್ನೇ. ಇವತ್ತು ಒಲೆ ಹತ್ರ ಬಂದ್ರೆ ಕಾಲು ಮುರೀತೆ." ಬಡಿಸಲು ಶಾಮಿಯಾನದವರು, ತರಕಾರಿ ಅಂಗಡಿಯವರು ಒಪ್ಪಿ ಬಂದಿದ್ದರು.

ಪಂಕ್ತಿ ನೋಡಬೇಕಿತ್ತು ನೀವು. ಕೈ ಎಲ್ಲಿಡಬೇಕೆಂದು ಯಾರಿಗೂ ತಿಳಿಯದು. ಒಬ್ಬರು ಹುಳಿಯ ಬಣ್ಣ ನೋಡಿಯೇ ಮೆಣಸು ಯಾವ ಊರಿನದೆಂದು ಹೇಳಿಬಿಟ್ಟರು, ಇನ್ನೊಬ್ಬರು ಬಡಿಸುವವನ ಬಗ್ಗುವಿಕೆ ತಿದ್ದಿದರು. ದೊಡ್ಮನೆ ಕಡೆಯ ಮುದುಕರೊಬ್ಬರು ಪಾಯಸದ ಬಕೆಟ್ಟು ಹೊರಲು ಎರಡು ಸಲ ಎದ್ದರು. ಪಕ್ಕದವರು ಭುಜ ಒತ್ತಿ ಕೂರಿಸಿದರು. ಅವರ ಎದುರು ಶಾಮಿಯಾನದವನು ಬಗ್ಗಿ "ಇನ್ನಷ್ಟು ಹಾಕಲಾ?" ಎಂದ. ಮುದುಕರು ಅವನನ್ನೇ ನೋಡಿದರು. "ಇನ್ನೊಂದ್ಸಲ ಕೇಳಾ," ಅಂದರು.

ನಾನು ಮುಂದಿನ ಸಾಲಿನಲ್ಲಿದ್ದೆ. ಕೇಳಿದಷ್ಟು ಸಲವೂ ಹಾಕಿಸಿಕೊಂಡೆ. ಹೊಟ್ಟೆ ಬಿರಿಯುವಂತೆ ಉಂಡು, ತೇಗಿ, ಕೈ ತೊಳೆಯಲು ಹಿಂದಕ್ಕೆ ಹೋದೆ.

ಅಣ್ಣ ಆರುತ್ತಿರುವ ಒಲೆಯ ಪಕ್ಕ ನಿಂತಿದ್ದ. ಹರಿದ ಎಲೆಯ ತುಂಡೊಂದನ್ನು ಅಂಗೈ ಮೇಲೆ ಹರಡಿಕೊಂಡು, ತಳದ ಅನ್ನಕ್ಕೆ ಉಳಿದ ಹುಳಿ ಕಲಸಿ, ನಿಂತೇ ಉಣ್ಣುತ್ತಿದ್ದ. ನನ್ನ ನೋಡಿ ಅವನ ಮುಖ ಅರಳಿತು.

"ಎಲ್ಲರೂ ಕೂತ್ರನಾ ತಮ್ಮಾ? ಬರೋಬ್ಬರಿ ಆತಾ?"

"ಬರೋಬ್ಬರಿ ಆತು ಅಣ್ಣಾ," ಅಂದೆ.

ಒಳಗೆ ಎಲೆಗಳಿದ್ದವು, ಹೋಳಿಗೆ ಇತ್ತು, ಜಾಗವೂ ಇತ್ತು. ನನ್ನ ಎರಡು ಕೈಯೂ ಖಾಲಿ ಇದ್ದವು. 'ನೀ ಬಾ, ಕೂತ್ಕ, ಆನು ಬಡಿಸ್ತೆ' ಎನ್ನಲು ಯಾವ ಇಯತ್ತೆ ಓದಿರಬೇಕಿತ್ತು? ನಾನು ಕೈ ಒರೆಸಿಕೊಂಡು, ಎಲೆಯಡಿಕೆಯ ಕವಳ ಹಾಕಿಕೊಂಡು, ವಂದನಾರ್ಪಣೆ ಕೇಳಲು ಮುಂದಿನ ಕುರ್ಚಿ ಹಿಡಿದು ಕೂತೆ.