ಹುಳಿ ಎಲೆಕೋಸಿನ ಜ್ವಾಲಾಮುಖಿ

"ಗುಡಿಸೋ ವಾರದ ಬೋರ್ಡು ನಿಮ್ಮ ಬಾಗಿಲಿಗೆ ನೇತುಹಾಕಿದ್ದು ಚಂದಕ್ಕಲ್ಲ, ಪ್ರೊಫೆಸರ್ರೇ!"

ಎದುರುಮನೆಯಮ್ಮ ಫ್ರೌ ಶ್ಟೆಂಗ್ಲೆ ಪೊರಕೆಯನ್ನು ಕತ್ತಿಯಂತೆ ಹಿಡಿದು ನಿಂತಿದ್ದರು. ಜರ್ಮನಿಯ ಆ ಶ್ವೇಬಿಯನ್ ಊರಿನಲ್ಲಿ ಕಟ್ಟಡದ ಮೆಟ್ಟಿಲನ್ನು ವಾರಕ್ಕೊಂದು ಮನೆಯವರು ಗುಡಿಸಬೇಕು. ಕೊಲೆ ಮಾಡಿದವನಿಗೂ ಅಲ್ಲಿ ಕ್ಷಮೆಯುಂಟು, ಶನಿವಾರ ಗುಡಿಸದವನಿಗಿಲ್ಲ.

"ಸಾಯಂಕಾಲ ಗುಡಿಸ್ತೀನಮ್ಮ. ಇಲ್ಲೊಂದು ಕಪ್ಪು ಕಲ್ಲಿತ್ತಲ್ಲ, ಎಲ್ಲಿ?" ಪ್ರೊಫೆಸರ್ ಗೊಟ್‌ಹೋಲ್ಡ್ ರೀಕರ್ ಬಗ್ಗಿ ಮೆಟ್ಟಿಲುಗಳನ್ನೆಲ್ಲ ತಡಕಾಡಿದರು. ಬೂಟಿನ ದಾರ ಕಟ್ಟಲು ಅದನ್ನು ಮೆಟ್ಟಿಲ ಮೇಲಿಟ್ಟಿದ್ದರು. ಒಳಗೆ ಹೋಗಿ ಕನ್ನಡಕ ಹುಡುಕಿ ತರುವಷ್ಟರಲ್ಲಿ ಮಾಯ!

ಅದು ಕಲ್ಲಲ್ಲ, ಅವರ ಇಡೀ ಬದುಕು. ಎಲ್ಲಿ ಅಗೆದರೂ ಸುಣ್ಣದ ಕಲ್ಲೇ ಸಿಗುವ ಆ ಊರಿನಲ್ಲಿ ತರುಣ ರೀಕರ್ ಇದೊಂದನ್ನು ಹೆಕ್ಕಿ, ಬೆಂಕಿಯಲ್ಲಿ ಹುಟ್ಟಿದ ಕಲ್ಲಿದು, ಊರಿನ ಕೆಳಗೆ ಜ್ವಾಲಾಮುಖಿ ಮಲಗಿದೆ ಎಂದು ಸಾರಿದ್ದರು. ಆ ಜ್ವಾಲಾಮುಖಿಯ ಮೇಲೆಯೇ ಡಾಕ್ಟರೇಟ್, ಪ್ರೊಫೆಸರ್ ಕುರ್ಚಿ, ದಪ್ಪ ದಪ್ಪ ಪುಸ್ತಕಗಳು, ಒಂದು ಮದುವೆ ಎಲ್ಲ ಎದ್ದು ನಿಂತವು. ಮದುವೆ ಮಾತ್ರ ಕುಸಿಯಿತು. "ಒಂದೇ ಹನಿ ಆಮ್ಲ ಬಿಟ್ಟು ನೋಡೋಣ. ಸುಣ್ಣದ ಕಲ್ಲಾದ್ರೆ ನೊರೆ ಬರುತ್ತೆ," ಎಂದು ಸಹೋದ್ಯೋಗಿ ಟೀಲೆಮನ್ ಕೇಳಿದಾಗಲೆಲ್ಲ, "ಮದುಮಗಳ ಬಟ್ಟೆ ಮೇಲೆ ಮಸಿ ಚೆಲ್ತೀರೇನ್ರೀ?" ಎಂದು ರೀಕರ್ ಸಿಡುಕುತ್ತಿದ್ದರು.

ಇಂದು ಅವರ ನಿವೃತ್ತಿ. ಮಧ್ಯಾಹ್ನ ವಿಶ್ವವಿದ್ಯಾಲಯದ ಸಂಗ್ರಹಾಲಯಕ್ಕೆ ಅವರ ಹೆಸರಿಟ್ಟು, ಕಲ್ಲನ್ನು ಗಾಜಿನ ಪೆಟ್ಟಿಗೆಯಲ್ಲಿ ಕೂರಿಸುವವರಿದ್ದರು.

"ಮೆಟ್ಟಿಲ ಮೇಲಿದ್ದದ್ದೆಲ್ಲ ಕಸ," ಎಂದರು ಶ್ಟೆಂಗ್ಲೆ. "ಕೆಳಮನೆ ಡೀಟರ್ಲೆ ಭರಣಿಯಲ್ಲಿ ಹುಳಿಗಿಟ್ಟ ಕೋಸನ್ನ ಒತ್ತಿಡೋಕೆ ಭಾರದ ಕಲ್ಲು ಬೇಕು ಅಂತಿದ್ರು, ಕೊಟ್ಬಿಟ್ಟೆ. ಪುಣ್ಯ ನಿಮಗೇ ಬರಲಿ."

ರೀಕರ್ ಒಂದೇ ಬೂಟಿನಲ್ಲಿ ಕೆಳಗೆ ಓಡಿದರು. ಫ್ರೌ ಡೀಟರ್ಲೆ ಭರಣಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

"ಬನ್ನಿ, ಬನ್ನಿ! ಇದು ಕಲ್ಲೋ ಸೋಪೋ? ಹುಳಿಗಿಟ್ಟ ಕೋಸು ಹಸುಗೂಸಿನ ಹಾಗೆ ತಣ್ಣಗೆ ಮಲಗಿತ್ತು. ನಿಮ್ಮ ಕಲ್ಲು ಬಿದ್ದದ್ದೇ ತಡ, ಬುಸುಬುಸು ಅಂತ ನೊರೆ!"

ರೀಕರ್ ಬಗ್ಗಿ ನೋಡಿದರು. ಕಲ್ಲಿನ ಮೈತುಂಬ ಗುಳ್ಳೆ. ಅಷ್ಟು ವರ್ಷ ಟೀಲೆಮನ್‌ಗೆ ಸಾಧ್ಯವಾಗದ ಪರೀಕ್ಷೆಯನ್ನು ಎಲೆಕೋಸು ಒಂದೇ ಬೆಳಗಿನಲ್ಲಿ ಮುಗಿಸಿತ್ತು. ಸುಣ್ಣದ ಕಲ್ಲು! ಅಪ್ಪಟ ಸುಣ್ಣದ ಕಲ್ಲು!

ಆದರೆ ಪ್ರೊಫೆಸರ್ ಪಟ್ಟ ಸುಮ್ಮನೆ ಬರುವುದಿಲ್ಲ. ಕಲ್ಲೇ ಇಲ್ಲದಿದ್ದರೆ ಪರೀಕ್ಷೆಯೆಲ್ಲಿ?

"ನೀವೇ ಇಟ್ಕೊಳ್ಳಿ, ಫ್ರೌ ಡೀಟರ್ಲೆ. ಯಾರಿಗೂ ಹೇಳ್ಬೇಡಿ."

"ಅಯ್ಯೋ, ಇನ್ನೊಬ್ಬರ ಸ್ವತ್ತು ನನಗ್ಯಾಕೆ?" ಎಂದು ಆಕೆ ಕೂಗುತ್ತಿದ್ದಂತೆ ರೀಕರ್ ಬೀದಿ ಸೇರಿಯಾಗಿತ್ತು.

ಮಧ್ಯಾಹ್ನ ಸಂಗ್ರಹಾಲಯದ ಸಭೆಯಲ್ಲಿ ಅವರು ಗದ್ಗದಿತರಾದರು. "ಮಹನೀಯರೇ, ಯಾರೋ ಕಳ್ಳರು ವಿಜ್ಞಾನದ ಗುಂಡಿಗೆಯನ್ನೇ ಕದ್ದರು!" ಹೆಂಗಸರು ಕರವಸ್ತ್ರ ತೆಗೆದರು. ಖಾಲಿ ಪೆಟ್ಟಿಗೆಯನ್ನೇ ಶಾಶ್ವತವಾಗಿ ಪ್ರದರ್ಶಿಸುವುದಾಗಿ ಕುಲಪತಿಗಳು ಘೋಷಿಸಿದರು. ಕಲ್ಲಿಗೂ ಸಿಗದಷ್ಟು ಚಪ್ಪಾಳೆ ಖಾಲಿ ಪೆಟ್ಟಿಗೆಗೆ ಬಿತ್ತು.

ಆಗ ಬಾಗಿಲು ತೆರೆಯಿತು. ಚರ್ಚಿಗೆ ಉಡುವ ಬಟ್ಟೆಯಲ್ಲಿ ಫ್ರೌ ಡೀಟರ್ಲೆ, ಕೈಯಲ್ಲಿ ಗಾಜಿನ ಜಾಡಿ. ಹಿಂದೆಯೇ ಪೊರಕೆಯ ಸಮೇತ ಶ್ಟೆಂಗ್ಲೆ.

"ಅಳಬೇಡಿ ಪ್ರೊಫೆಸರ್ರೇ, ನಿಮ್ಮ ಕಲ್ಲು ತಂದಿದೀನಿ! ಕೋಸಿನ ವಾಸನೆ ಹೋಗ್ಲಿ ಅಂತ ಒಳ್ಳೇ ವಿನೆಗರ್‌ನಲ್ಲಿ ನೆನೆಹಾಕಿದೀನಿ."

ಜಾಡಿ ಟೀಲೆಮನ್ ಅವರ ಮುಂದೆಯೇ ಕುಳಿತಿತು. ಗುಳ್ಳೆಗಳು ಸಾಲುಸಾಲಾಗಿ ಏಳುತ್ತಿದ್ದವು. ಟೀಲೆಮನ್ ಭೂತಗನ್ನಡಿ ತೆಗೆದು ಪ್ರೀತಿಯಿಂದ ನೋಡಿದರು.

"ರೀಕರ್, ನಾನೇ ತಪ್ಪು ತಿಳಿದಿದ್ದೆ ಕಣ್ರೀ. ನಿಮ್ಮ ಜ್ವಾಲಾಮುಖಿ ಇನ್ನೂ ಜೀವಂತವಾಗಿದೆ!"

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಕುಲಪತಿಗಳು ಸದ್ದಿಲ್ಲದೆ ಎದ್ದು ಗೋಡೆಯ ಮೊಳೆಗಿದ್ದ ರೀಕರ್ ಹೆಸರಿನ ಹೊಸ ಫಲಕವನ್ನು ಕಳಚಿ ಕಂಕುಳಲ್ಲಿಟ್ಟುಕೊಂಡರು.

"ನಿಮ್ಮ ನಗು ಆಮೇಲಿರಲಿ," ಎಂದರು ಶ್ಟೆಂಗ್ಲೆ. "ಇವರು ಮೆಟ್ಟಿಲು ಇನ್ನೂ ಗುಡಿಸಿಲ್ಲ."

ಪೊರಕೆಯನ್ನು ರೀಕರ್ ಕೈಗಿತ್ತು, ಚೀಲದಿಂದ ಗುಡಿಸುವ ವಾರದ ಬೋರ್ಡು ತೆಗೆದು, ಖಾಲಿಯಾದ ಮೊಳೆಗೆ ನೇತುಹಾಕಿದರು.